ಅಗಲ ಟೈರಿನ ಅಂಗೈಯಷ್ಟು ಜಾಗ

ಸ್ಟಾಕ್‌ಹೋಮ್‌ನ ಕಿಸ್ತಾದಲ್ಲಿ ಕೆಲಸ ಮಾಡುವ ಓದುಗರೊಬ್ಬರು ಹಳೆಯ ವೋಲ್ವೊ 240 ಕೊಂಡಿದ್ದಾರೆ. ಹಿಂದಿನ ಚಕ್ರಗಳಿಗೆ 185ರ ಬದಲು 225 ಮಿ.ಮೀ. ಅಗಲದ ಟೈರ್ ಹಾಕಿಸಿದರೆ ಚಳಿಗಾಲದಲ್ಲಿ ಗಾಡಿಯ ಹಿಂಭಾಗ ಜಾರುವುದು ನಿಲ್ಲುತ್ತದೆಯೇ ಎಂದು ಕೇಳಿದ್ದಾರೆ. ನಿಲ್ಲುವುದಿಲ್ಲ, ಹೆಚ್ಚುತ್ತದೆ!

1974ರಿಂದ 1993ರವರೆಗೆ ತಯಾರಾದ ಈ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಆದ್ದರಿಂದ ಅಲ್ಲಿ ರಬ್ಬರ್ ಜಾಸ್ತಿಯಿದ್ದರೆ ಒಳ್ಳೆಯದೆಂದು ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಜೀಪಿಗೂ ಬುಲೆಟ್ಟಿಗೂ ದಪ್ಪ ಟೈರ್ ಹಾಕಿಸುವವರು ಹೇಳುವುದೂ ಇದನ್ನೇ: ಟೈರ್ ಅಗಲವಾದಷ್ಟೂ ನೆಲಕ್ಕೆ ತಾಗುವ ರಬ್ಬರ್ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಕಾರಿನ ತೂಕ ಸುಮಾರು 1300 ಕೆ.ಜಿ.; ಹಿಂದಿನ ಒಂದೊಂದು ಚಕ್ರದ ಮೇಲೆ 300 ಕೆ.ಜಿ. ಎಂದಿಟ್ಟುಕೊಳ್ಳಿ. ಟೈರಿನೊಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ 2 ಕೆ.ಜಿ. ಒತ್ತಡದಲ್ಲಿದೆ. ಆ ಭಾರ ಹೊರಲು ಹೆಚ್ಚುಕಡಿಮೆ 150 ಚದರ ಸೆಂಟಿಮೀಟರ್ ರಬ್ಬರ್ ನೆಲಕ್ಕೆ ಒತ್ತಿದರೆ ಸಾಕು, ಅಂದರೆ ಅಂಗೈಯಷ್ಟು ಜಾಗ. ಭಾರವೂ ಗಾಳಿಯೂ ಅಷ್ಟೇ ಇದ್ದರೆ 225ರ ಟೈರ್ ಹಾಕಿದರೂ ಈ ಜಾಗ ಹೆಚ್ಚೇನೂ ಬದಲಾಗದು. ಬದಲಾಗುವುದು ಅದರ ಆಕಾರ. ಮೊದಲು 16 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದವಿದ್ದ ಅಚ್ಚು ಈಗ 20 ಸೆಂ.ಮೀ. ಅಗಲ, ಏಳೂವರೆ ಸೆಂ.ಮೀ. ಉದ್ದವಾಗುತ್ತದೆ. ಅನುಮಾನವಿದ್ದರೆ ಜಾಕ್ ಕೊಟ್ಟು ಚಕ್ರ ಎತ್ತಿ, ಟೈರಿಗೆ ಬಣ್ಣ ಬಳಿದು, ಕೆಳಗೆ ರಟ್ಟು ಹಾಸಿ ಇಳಿಸಿ ನೋಡಿ.

ಒಣ ಡಾಂಬರಿನ ಮೇಲೆ ಅಗಲ ಟೈರಿಗೆ ಹಿಡಿತ ಹೆಚ್ಚೆಂಬುದು ನಿಜವೇ. ಅದರ ಗಿಡ್ಡ ಪಕ್ಕೆ ತಿರುವಿನಲ್ಲಿ ಕಡಿಮೆ ಬಾಗುತ್ತದೆ. ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುವುದರಿಂದ ಮೆದು ರಬ್ಬರ್ ಬಳಸಬಹುದು. ಬೇಸಿಗೆಯ ಸಂಜೆ ಸ್ಟಾಕ್‌ಹೋಮ್‌ನ ಸ್ವೆಯಾವೇಗನ್ ರಸ್ತೆಯಲ್ಲಿ ಮೆರವಣಿಗೆ ಹೊರಡುವ ಹಳೆಯ ಅಮೆರಿಕನ್ ಕಾರುಗಳಿಗೆ ಅದು ಸರಿ.

ನವೆಂಬರಿನ ಮಳೆಯಲ್ಲಿ, ಅರ್ಧ ಕರಗಿದ ಹಿಮದಲ್ಲಿ ಕಥೆಯೇ ಬೇರೆ. ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ. ನೇರ ರಸ್ತೆಯಲ್ಲಿ ಮುಂದಿನ ಟೈರ್ ನೀರನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಡುತ್ತದೆ. ಅಷ್ಟೇ ಅಗಲದ ಹಿಂದಿನ ಟೈರ್ ಆ ದಾರಿಯಲ್ಲೇ ಉರುಳುತ್ತದೆ. ಹಿಂದಿನದು ನಾಲ್ಕು ಸೆಂಟಿಮೀಟರ್ ಹೆಚ್ಚು ಅಗಲವಾದರೆ? ಮುಂದಿನ ಟೈರ್ ಮುಟ್ಟದೇ ಬಿಟ್ಟ ನೀರಿಗೆ ಅದರ ಅಂಚು ಬೀಳುತ್ತದೆ. ಆ ನೀರು ಪಕ್ಕಕ್ಕೆ ಸರಿಯಲು ಹೆಚ್ಚು ದೂರ ಸಾಗಬೇಕು. ಅಚ್ಚಿನ ಉದ್ದ ಕಡಿಮೆಯಾದ್ದರಿಂದ ಅದಕ್ಕೆ ಸಿಗುವ ಸಮಯವೂ ಕಡಿಮೆ. ವೇಗ ಹೆಚ್ಚಿದಾಗ ನೀರು ಟೈರಿನಡಿ ಸಿಕ್ಕಿಬಿದ್ದು ಟೈರನ್ನೇ ಮೇಲೆತ್ತುತ್ತದೆ. ಮುಂದಿನ ಚಕ್ರಗಳು ನೆಲ ಕಚ್ಚಿ ಹಿಡಿದಿರುವಾಗಲೇ ಹಿಂದಿನವು ತೇಲಿದರೆ ಕಾರು ಗಿರಕಿ ಹೊಡೆಯುತ್ತದೆ. ಸ್ವೀಡನ್ ರ್‍ಯಾಲಿಯ ಹಿಮದ ಹಾದಿಗಳಲ್ಲಿ ಚಾಲಕರು ಮೊಳೆ ಹೊಡೆದ ಕಿರಿದಾದ ಟೈರ್ ಹಾಕುವುದು ಅದಕ್ಕೇ: ಕಿರಿದಾದದ್ದು ಸಡಿಲ ಹಿಮವನ್ನು ಸೀಳಿ ಕೆಳಗಿನ ಗಟ್ಟಿ ಪದರ ಮುಟ್ಟುತ್ತದೆ.

ಹೊಸ ಟೈರಿನಡಿ ನಿಂಬೆಹಣ್ಣಿಟ್ಟು ಹಾಯಿಸಿ, ಆಮೇಲೆ ವರ್ಷವಿಡೀ ಗಾಳಿ ನೋಡದ ನಮ್ಮವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಹಣ್ಣು ಯಾರನ್ನೂ ಕಾಯುವುದಿಲ್ಲ. ಕಾಯುವುದು ಗಾಳಿ ಮತ್ತು ಟೈರಿನ ಗೀರುಗಳ ಆಳ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಗೀರು ಕನಿಷ್ಠ 3 ಮಿ.ಮೀ. ಆಳವಿರಬೇಕು. ಮೊಳೆಯ ಟೈರ್ ಬೇಕೆನ್ನುವವರು ಸ್ಟಾಕ್‌ಹೋಮ್‌ನ ಹೋರ್ನ್ಸ್‌ಗಾಟನ್ ರಸ್ತೆಗೆ ಹೋಗುವಂತಿಲ್ಲ. ಮೊಳೆ ಡಾಂಬರು ಕೆರೆದು ಎಬ್ಬಿಸುವ ದೂಳಿನಿಂದಾಗಿ 2010ರಿಂದ ಅಲ್ಲಿ ಅದಕ್ಕೆ ನಿಷೇಧವಿದೆ.

ಹೇಗೂ ಸ್ವೀಡನ್ನಿನವರು ಎರಡು ಸೆಟ್ ಚಕ್ರ ಇಟ್ಟುಕೊಂಡು ಋತುವಿಗೆ ತಕ್ಕಂತೆ ಬದಲಿಸುತ್ತಾರೆ. ಚಳಿಗಾಲಕ್ಕೆ ನಾಲ್ಕೂ ಕಡೆ 185 ಇರಲಿ. ಅಗಲದ ಆಸೆ ಬೇಸಿಗೆಗಿರಲಿ, ಅದೂ ಕಾರಿನ ತಪಾಸಣೆಯವರು ಒಪ್ಪುವ ರಿಮ್ಮಿನ ಮೇಲೆ. 185/70 ಆರ್14 ತೆಗೆದು 225/50 ಆರ್15 ಹಾಕಿದರೆ ಚಕ್ರದ ವ್ಯಾಸ 615ರಿಂದ 606 ಮಿ.ಮೀ.ಗೆ ಇಳಿಯುತ್ತದೆ, ಮೀಟರಿನ ಮುಳ್ಳು ನಿಜವಾದ ವೇಗಕ್ಕಿಂತ ಒಂದೂವರೆ ಶೇಕಡದಷ್ಟು ಹೆಚ್ಚು ತೋರಿಸುತ್ತದೆ. ಅದು ದೊಡ್ಡ ವಿಷಯವಲ್ಲ. ಮಡ್‌ಗಾರ್ಡಿನ ಒಳ ಅಂಚು ದೊಡ್ಡ ವಿಷಯ. 240ರ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಒಂದು ಚಕ್ರ ಮೇಲೆದ್ದರೆ ಇನ್ನೊಂದೂ ವಾಲುತ್ತದೆ. ಗ್ಯಾರೇಜಿನಲ್ಲಿ ನಿಂತಾಗ ಬೆರಳು ತೂರುವಷ್ಟು ಸಂದು ಕಂಡರೆ ನಂಬಬೇಡಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಒಂದೇ ಚಕ್ರವನ್ನು ರಸ್ತೆಯುಬ್ಬಿನ ಮೇಲೆ ನಿಧಾನವಾಗಿ ಹತ್ತಿಸಿ, ಇಳಿದು ಟೈರಿನ ಎರಡೂ ಪಕ್ಕೆಗಳಲ್ಲಿ ಉಜ್ಜಿದ ಗುರುತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.