ಬೈನೆ ಗೊನೆಯ ಬಾವಲಿಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಪೇರಳೆ ಹಣ್ಣಾಗುವ ಕಾಲದಲ್ಲಿ ಕರಾವಳಿಯ ಕುಲಶೇಖರದ ಹಿತ್ತಲುಗಳಲ್ಲಿ ಬೆಳಿಗ್ಗೆ ಅರ್ಧ ತಿಂದ ಹಣ್ಣು, ಚೀಪಿ ಉಗುಳಿದ ನಾರು ಬಿದ್ದಿರುವುದು ಹೊಸತಲ್ಲ. 2018ರ ಮೇ ತಿಂಗಳವರೆಗೆ ಅದನ್ನು ಯಾರೂ ದೊಡ್ಡ ವಿಷಯ ಮಾಡುತ್ತಿರಲಿಲ್ಲ. ಆ ವರ್ಷ ಕೋಯಿಕ್ಕೋಡ್ ಕಡೆ ಬಾವಲಿಗಳಿಂದ ಹರಡುವ ನಿಫಾ ಸೋಂಕಿಗೆ 17 ಮಂದಿ ಬಲಿಯಾದರು. ಅಲ್ಲಿಂದಾಚೆ ಕರಾವಳಿಯುದ್ದಕ್ಕೂ ಬಾವಲಿ ಎಂದರೆ ಭಯ.

ಭಯದ ಜೊತೆಗೆ ತಪ್ಪು ತಿಳಿವಳಿಕೆಯೂ ಬೆಳೆಯಿತು. ಬಾವಲಿ ಎಲ್ಲಿ ಹುಟ್ಟುತ್ತದೆ, ದೊಡ್ಡದಾದ ಮೇಲೆ ಎಲ್ಲಿಗೆ ಹೋಗುತ್ತದೆ, ಯಾವುದರ ಜೊತೆ ಕೂಡುತ್ತದೆ ಎಂಬುದು ಗೊತ್ತಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಪ್ರಶ್ನೆಗಳಿಗೆ ಬಾವಲಿಯ ಡಿಎನ್‌ಎ ಉತ್ತರ ಕೊಡುತ್ತದೆ. ರೆಕ್ಕೆಯ ತೊಗಲಿನಿಂದ ಮೂರ್ನಾಲ್ಕು ಮಿಲಿಮೀಟರ್ ಅಗಲದ ಚೂರು ತೆಗೆದರೆ ಪರೀಕ್ಷೆಗೆ ಸಾಕು. ಕೆಲವೇ ವಾರಗಳಲ್ಲಿ ಆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಒಂದೇ ಗೊನೆಯಲ್ಲಿ ನೇತಾಡುವ ಬಾವಲಿಗಳೆಲ್ಲ ಒಂದೇ ಮನೆತನದವು.

ಸತ್ಯ: ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗಿಡ್ಡ ಮೂತಿಯ ಹಣ್ಣುಬಾವಲಿ. ಬೈನೆ ಮರದ ಕಾಯಿಗೊನೆ ಇಳಿಬಿದ್ದಾಗ ಗಂಡು ಬಾವಲಿ ಒಳಗಿನ ಎಳೆಗಳನ್ನು ಒಂದೊಂದಾಗಿ ಕಚ್ಚಿ ಕತ್ತರಿಸುತ್ತದೆ. ಹೊರಗಿನ ಎಳೆಗಳು ಹಾಗೇ ಉಳಿದು ನಡುವೆ ಗಂಟೆಯಾಕಾರದ ಪೊಳ್ಳು ಆಗುತ್ತದೆ. ಅದರೊಳಗೆ ಒಂದು ಗಂಡು, ಹಲವು ಹೆಣ್ಣು, ಅವುಗಳ ಎದೆಗಂಟಿದ ಮರಿಗಳು. ನೋಡಿದವರಿಗೆ ಅದು ತಲೆಮಾರುಗಳಿಂದ ಬಂದ ಕೂಡುಕುಟುಂಬ ಅನ್ನಿಸುವುದು ಸಹಜ.

ಪುಣೆಯಲ್ಲಿ ಇಂಥ ಗುಂಪುಗಳನ್ನು ಜೇ ಸ್ಟೋರ್ಜ್, ಎಚ್.ಆರ್. ಭಟ್ ಮತ್ತು ಥಾಮಸ್ ಕುಂಜ್ ಅಧ್ಯಯನ ಮಾಡಿ, 2001ರಲ್ಲಿ ಡಿಎನ್‌ಎ ಫಲಿತಾಂಶ ಪ್ರಕಟಿಸಿದರು. ಹಾಲು ಬಿಟ್ಟ ಮರಿಗಳು, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ಗುಂಪನ್ನು ಬಿಟ್ಟು ಹೋಗುತ್ತವೆ. ಹಾಗಾಗಿ ಒಂದೇ ಗೊನೆಯಲ್ಲಿರುವ ದೊಡ್ಡ ಹೆಣ್ಣುಗಳ ನಡುವೆ ರಕ್ತಸಂಬಂಧ ತೀರಾ ಕಡಿಮೆ. ಅಕ್ಕಪಕ್ಕ ಜೋತುಬಿದ್ದಿರುವವು ಹೆಚ್ಚಾಗಿ ಬೇರೆ ಬೇರೆ ಕಡೆಯಿಂದ ಬಂದು ಸೇರಿದವು.

ತಪ್ಪು ಕಲ್ಪನೆ: ಗುಂಪು ಕಾಯುವ ಗಂಡೇ ಅಲ್ಲಿನ ಮರಿಗಳಿಗೆಲ್ಲ ಅಪ್ಪ.

ಸತ್ಯ: ಇದೇ ಜಾತಿಯ ಬಾವಲಿಗಳ ಮೇಲೆ ದಕ್ಷಿಣ ಭಾರತದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಮರಿಗಳ ಪಿತೃತ್ವವನ್ನೇ ಪರೀಕ್ಷಿಸಿತು. ಗುಂಪಿಲ್ಲದೆ ಹೊರಗೆ ಒಂಟಿಯಾಗಿರುವ ಗಂಡುಗಳಿಗೂ ಮರಿಗಳಿದ್ದವು. ಹೆಣ್ಣುಗಳು ಒಂದೇ ಗಂಡಿಗೆ ಕಟ್ಟುಬಿದ್ದಿರಲಿಲ್ಲ. ಇದರಿಂದ ಮುಂದಿನ ತಲೆಮಾರಿಗೆ ಹೆಚ್ಚು ಗಂಡುಗಳ ವಂಶವಾಹಿ ಸೇರುತ್ತದೆ, ವೈವಿಧ್ಯ ಉಳಿಯುತ್ತದೆ.

ತಪ್ಪು ಕಲ್ಪನೆ: ನೋಡಲು ಒಂದೇ ಥರ ಇದ್ದರೆ ಒಂದೇ ಜಾತಿ, ಗಾತ್ರ ಬೇರೆಯಾದರೆ ಬೇರೆ ಜಾತಿ.

ಸತ್ಯ: ಎರಡೂ ತಪ್ಪು. ಗಿಡ್ಡ ಮೂತಿಯ ಹಣ್ಣುಬಾವಲಿ ದಕ್ಷಿಣದಲ್ಲಿ ಚಿಕ್ಕದು, ಉತ್ತರಕ್ಕೆ ಹೋದಂತೆ ದೊಡ್ಡದು. ಆದರೆ ಗಾತ್ರಕ್ಕೆ ಸಂಬಂಧಪಡದ ಡಿಎನ್‌ಎ ಭಾಗಗಳನ್ನು ಹೋಲಿಸಿದರೆ ದೇಶದುದ್ದಕ್ಕೂ ವ್ಯತ್ಯಾಸ ಅತ್ಯಲ್ಪ. ಊರಿಂದೂರಿಗೆ ಬಾವಲಿಗಳು ಹೋಗಿ ಬಂದು ಬೆರೆಯುತ್ತಲೇ ಇವೆ ಎಂದಾಯಿತು.

ಕುದುರೆಲಾಳ ಬಾವಲಿಯ ಕತೆ ಇದಕ್ಕೆ ತದ್ವಿರುದ್ಧ. ದಕ್ಷಿಣ ಭಾರತದಲ್ಲಿ ಒಂದೇ ಜಾತಿ ಎಂದುಕೊಂಡಿದ್ದ ಬಾವಲಿಗಳಲ್ಲಿ ಕೆಲವು ಸುಮಾರು 80 ಕಿಲೋಹರ್ಟ್ಜ್‌ನಲ್ಲಿ, ಇನ್ನು ಕೆಲವು 90ರ ಆಸುಪಾಸಿನಲ್ಲಿ ಕೂಗುತ್ತಿದ್ದವು. ಮನುಷ್ಯರ ಕಿವಿಗೆ ಎರಡೂ ಕೇಳಿಸುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರಿದ್ದ ತಂಡ ಡಿಎನ್‌ಎ ಪರೀಕ್ಷಿಸಿ, ಅವು ಎರಡು ಬೇರೆ ಜಾತಿಗಳು ಎಂದು 2010ರಲ್ಲಿ ತೋರಿಸಿತು.

ಜಾತಿ ಯಾವುದೆಂದು ತಿಳಿಯುವುದು ರೋಗದ ವಿಷಯದಲ್ಲೂ ಮುಖ್ಯ. 2018ರಲ್ಲಿ ಕೋಯಿಕ್ಕೋಡ್ ಬಳಿಯ ಪೇರಾಂಬ್ರದಲ್ಲಿ ನಿಫಾ ಸೋಂಕು ತಗುಲಿದ ಕುಟುಂಬದ ಮನೆಯ ಬಾವಿಯಲ್ಲಿದ್ದ ಬಾವಲಿಗಳ ಮೇಲೆ ಮೊದಲು ಅನುಮಾನ ಬಂತು. ಅವು ಕೀಟ ತಿನ್ನುವವು, ಅವುಗಳಲ್ಲಿ ನಿಫಾ ಸಿಗಲಿಲ್ಲ. ಆಮೇಲೆ ದೊಡ್ಡ ಹಣ್ಣುಬಾವಲಿಗಳನ್ನು ಹಿಡಿದು ಪರೀಕ್ಷಿಸಿದಾಗ 52ರಲ್ಲಿ 10ರ ಗಂಟಲುದ್ರವದಲ್ಲಿ ವೈರಸ್ ಪತ್ತೆಯಾಯಿತು.

ತಪ್ಪು ಕಲ್ಪನೆ: ಮರ ಕಡಿದು ಬಾವಲಿಗಳನ್ನು ಓಡಿಸಿದರೆ, ಕೊಂದರೆ ರೋಗದ ಕಾಟ ತಪ್ಪುತ್ತದೆ.

ಸತ್ಯ: ಉಗಾಂಡಾದ ಕಿಟಾಕಾ ಗಣಿಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. 2007ರಲ್ಲಿ ಅಲ್ಲಿನ ಕೆಲಸಗಾರರಿಗೆ ಮಾರ್ಬರ್ಗ್ ಜ್ವರ ಬಂದ ಮೇಲೆ ಗಣಿಯ ಬಾವಲಿಗಳನ್ನೆಲ್ಲ ನಿರ್ನಾಮ ಮಾಡಲಾಯಿತು. ಖಾಲಿಯಾದ ಜಾಗಕ್ಕೆ ಹೊರಗಿನ ಬಾವಲಿಗಳು ಬಂದು ನೆಲೆಸಿದವು. 2012ರಲ್ಲಿ ಹತ್ತಿರದ ಇಬಾಂಡಾದಲ್ಲಿ ಜ್ವರ ಮತ್ತೆ ಕಾಣಿಸಿತು. ಗಣಿಯ ಬಾವಲಿಗಳನ್ನು ಆಗ ಪರೀಕ್ಷಿಸಿದರೆ ಶೇ. 13.3ರಲ್ಲಿ ವೈರಸ್ ಇತ್ತು. ಕೊಲ್ಲುವ ಮೊದಲು ಅದು ಶೇ. 5ರಷ್ಟು ಮಾತ್ರ. ಸೋಂಕನ್ನೇ ಕಾಣದ ಹೊಸ ಬಾವಲಿಗಳು ಒಟ್ಟಿಗೆ ಬಂದು ಸೇರಿದ್ದು ಇದಕ್ಕೆ ಕಾರಣವಿರಬೇಕು ಎಂದು ಸಂಶೋಧಕರು ವಿವರಿಸಿದರು.

ಒಂದು ಮರದ ಬಾವಲಿಗಳು ಆ ಮರಕ್ಕಷ್ಟೇ ಸೇರಿದವಲ್ಲ ಎಂಬುದನ್ನು ಮರೆತರೆ ಆಗುವ ಅನಾಹುತ ಇದು. ಹಿತ್ತಲಲ್ಲಿ ಮಾಡಬೇಕಾದದ್ದು ಬೇರೆಯೇ ಇದೆ. ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬಾರದು, ಒಳ್ಳೆಯ ಹಣ್ಣನ್ನೂ ತೊಳೆದು ಸಿಪ್ಪೆ ತೆಗೆದು ತಿನ್ನಬೇಕು. ಬಾವಲಿ ಚೀಪಿ ಬೀಳಿಸಿದ ಅಡಿಕೆಯನ್ನು ಕೈಗವಸು ಹಾಕಿ ಹೆಕ್ಕಬೇಕು. ಬಾವಿಗೆ ಬಲೆ ಹಾಕಬೇಕು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ತಪ್ಪು ಕಲ್ಪನೆ: ಹಾರುವ ಪ್ರಾಣಿ ತಾನೇ, ಒಂದು ಕಡೆ ಹಾಳಾದರೆ ಇನ್ನೊಂದು ಕಡೆ ಹೋಗಿ ಬದುಕಿಕೊಳ್ಳುತ್ತದೆ.

ಸತ್ಯ: ಹಾರಾಟದ ವ್ಯಾಪ್ತಿ ಜಾತಿಯಿಂದ ಜಾತಿಗೆ ಬೇರೆ. ಆಫ್ರಿಕಾದ ಹುಲ್ಲುಬಣ್ಣದ ಹಣ್ಣುಬಾವಲಿ ಖಂಡದುದ್ದಕ್ಕೂ ಬೆರೆತು ಒಂದೇ ಸಮುದಾಯದಂತಿದೆ ಎಂದು 2013ರ ಅಧ್ಯಯನ ಕಂಡುಕೊಂಡಿತು. ಅದೇ ಜಾತಿ ಗಿನಿ ಕೊಲ್ಲಿಯ ದೂರದ ದ್ವೀಪಗಳಲ್ಲಿ ಬೇರೆಯಾಗಿಯೇ ಉಳಿದಿದೆ.

ಕರ್ನಾಟಕದಲ್ಲೇ ಇನ್ನೂ ಇಕ್ಕಟ್ಟಿನ ಉದಾಹರಣೆ ಇದೆ. ಪುಣೆಯ ಅಧ್ಯಯನದಲ್ಲಿದ್ದ ಭಟ್ ಅವರೇ ಡೀಟರ್ ಕಾಕ್ ಜೊತೆ ಸೇರಿ 1994ರಲ್ಲಿ ಕೋಲಾರದ ಎಲೆಮೂಗಿನ ಬಾವಲಿಯನ್ನು ಹೊಸ ಜಾತಿಯೆಂದು ವಿವರಿಸಿದ್ದರು. ಹಿಂದೆ ಅದಿದ್ದ ಕೋಲಾರದ ತೇರಹಳ್ಳಿಯಿಂದ ಅದು ಮರೆಯಾಗಿದೆ. ಈಗ ಗೊತ್ತಿರುವ ನೆಲೆ ಹನುಮನಹಳ್ಳಿಯ ಬಂಡೆಗುಹೆ ಮಾತ್ರ, ಉಳಿದಿರುವುದು ಇನ್ನೂರರೊಳಗೆ. ಇಷ್ಟು ಸಣ್ಣ ಗುಂಪಿಗೆ ಹೊರಗಿನಿಂದ ಹೊಸ ರಕ್ತ ಬರುವ ದಾರಿಯೇ ಇಲ್ಲ. ತಲೆಮಾರು ಕಳೆದಂತೆ ವಂಶವಾಹಿಗಳ ವೈವಿಧ್ಯ ಸವೆಯುತ್ತದೆ, ಒಂದು ರೋಗ ಬಂದರೂ ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಗ್ರಾನೈಟ್ ಗಣಿಗಾರಿಕೆಯ ಆ ಸೀಮೆಯಲ್ಲಿ ಈ ಗುಹೆಯ ಸುತ್ತಲಿನ ಬಂಡೆಗಳನ್ನು ಸಿಡಿಮದ್ದಿನಿಂದ ದೂರ ಇಡುವುದೇ ಈ ಜಾತಿಗಾಗಿ ಆಗಬೇಕಾದ ಮೊದಲ ಕೆಲಸ.