ಸರ್ಕಾರದ ಗರ್ಭಪಾತದ ಲೆಕ್ಕ

1971ರ ಗರ್ಭಪಾತ ಕಾಯಿದೆಯ ಮೇರೆಗೆ ಅಂಗೀಕೃತವಾದ ಆಸ್ಪತ್ರೆಗಳು ಪ್ರತಿಮಾಸವೂ ಒಪ್ಪಿಸುವ ತಃಖ್ತೆಗಳನ್ನು ಕೂಡಿಸಿ, ಇಡೀ ಭಾರತದಲ್ಲಿ ವರ್ಷವೊಂದಕ್ಕೆ ಸುಮಾರು 7 ಲಕ್ಷ ಗರ್ಭಪಾತಗಳಾಗುತ್ತವೆಂದು ಸರ್ಕಾರವು ಬಹುಕಾಲ ಲೆಕ್ಕವಿಡುತ್ತ ಬಂದಿತು. ಆದರೆ ಆರು ರಾಜ್ಯಗಳ ಆಸ್ಪತ್ರೆಗಳನ್ನು ಸಮೀಕ್ಷಿಸಿ, ಅದರೊಡನೆ ಗರ್ಭಪಾತದ ಮಾತ್ರೆಗಳ ಮಾರಾಟದ ಅಂಕಿಗಳನ್ನೂ ತೂಗಿನೋಡಿ, ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಸಂಶೋಧಕರು ಪ್ರಕಟಿಸಿದ ಅಂದಾಜಿನಂತೆ, 2015ರ ಒಂದೇ ವರ್ಷದ ಸಂಖ್ಯೆ 1 ಕೋಟಿ 56 ಲಕ್ಷ!

ಈ ಅಗಾಧವಾದ ಅಂತರವು ಗುಮಾಸ್ತರ ಅಲಕ್ಷ್ಯದಿಂದಷ್ಟೇ ಹುಟ್ಟಿದ್ದಲ್ಲ. ಅದೇ ಅಧ್ಯಯನದ ಪ್ರಕಾರ ಸುಮಾರು ಮುಕ್ಕಾಲು ಪಾಲು ಗರ್ಭಪಾತಗಳು, ಆಸ್ಪತ್ರೆಯ ಹೊಸ್ತಿಲನ್ನೇ ತುಳಿಯದೆ, ಔಷಧದ ಅಂಗಡಿಯಿಂದಲೋ ಇತರರ ಕೈಯಿಂದಲೋ ತಂದ ಮಾತ್ರೆಗಳಿಂದ ಆದಂಥವು. ಹೀಗೆ ಮಾತ್ರೆ ಮಾರಿದವನು ಯಾವ ಅಧಿಕಾರಿಗೂ ತಃಖ್ತೆ ಕಳುಹಿಸುವುದಿಲ್ಲ, ನುಂಗಿದವಳು ಲೋಕಾಪವಾದಕ್ಕೆ ಅಂಜಿ ಬಾಯಿ ಬಿಡುವುದಿಲ್ಲ. ಅನುಮತಿ ಪಡೆಯದ ಖಾಸಗಿ ಚಿಕಿತ್ಸಾಲಯವಂತೂ ತನ್ನ ಅಪರಾಧಕ್ಕೆ ತಾನೇ ಸಾಕ್ಷಿ ಬರೆದುಕೊಟ್ಟೀತೆ? ಮನೆಬಾಗಿಲಿಗೆ ಬಂದು ವಿಚಾರಿಸುವ ಕುಟುಂಬ ಆರೋಗ್ಯ ಸಮೀಕ್ಷೆಯವರ ಮುಂದೆಯೂ ಅನೇಕ ಸ್ತ್ರೀಯರು ಮೌನವನ್ನೇ ಆಶ್ರಯಿಸುತ್ತಾರೆ.

ಸಂಶೋಧಕರ ಸಂಖ್ಯೆಯೂ ಅಂದಾಜೇ ಹೊರತು ಎಣಿಕೆಯಲ್ಲ, ನಿಜ. ಆದರೂ ಇಪ್ಪತ್ತು ಪಾಲಿಗೂ ಮೀರಿದ ಈ ವ್ಯತ್ಯಾಸವನ್ನು ಕಂಡಮೇಲೆ, ಸರ್ಕಾರದ ಅಂಕಿಯನ್ನು ದೇಶದ ಲೆಕ್ಕವೆನ್ನದೆ ಆಸ್ಪತ್ರೆಗಳ ಲೆಕ್ಕವೆಂದಷ್ಟೇ ಕರೆಯುವುದು ನ್ಯಾಯ.