ಹಬ್ಬಕ್ಕೆ ಮೊದಲು ನಾಲ್ಕು ಬೊಗಸೆ

ರಂಜಾನ್ ಉಪವಾಸ ಮುಗಿಸಿದ ಮುಸ್ಲಿಮರಿಗೆ ಈದ್ ನಮಾಜಿಗೆ ಹೊರಡುವ ಮುನ್ನ ಇನ್ನೊಂದು ಕರ್ತವ್ಯವಿದೆ. ಅದೇ ಫಿತ್ರ್ ಝಕಾತ್. ಸಂಪತ್ತಿನ ಝಕಾತ್‌ನಂತೆ ಇದು ಉಳಿತಾಯದ ಶೇಕಡಾ 2.5ರ ಪಾಲಲ್ಲ, ತಲೆಗಿಷ್ಟೆಂದು ಕೊಡುವ ಧಾನ್ಯ. ಉಪವಾಸ ಹಿಡಿಯದ ಹಸುಗೂಸಿನ ಪಾಲನ್ನೂ ತಂದೆ ಕೊಡಬೇಕು.

ಹಿಜರಿ 2ರಲ್ಲಿ (ಕ್ರಿ.ಶ. 624) ಕಡ್ಡಾಯವಾಯಿತೆನ್ನಲಾದ ಈ ದಾನಕ್ಕೆ ಪ್ರವಾದಿ ಮುಹಮ್ಮದರು ಗೊತ್ತುಪಡಿಸಿದ ಅಳತೆ ಒಂದು ‘ಸಾಅ್’ ಖರ್ಜೂರ ಅಥವಾ ಜವೆಗೋಧಿ. ಸಾಅ್ ಎಂದರೆ ನಾಲ್ಕು ಬೊಗಸೆ, ಸುಮಾರು 3 ಕಿಲೋ. ನಮ್ಮ ಕರಾವಳಿಯಲ್ಲಿ ಶಾಫಿ ಪಂಥದ ಬ್ಯಾರಿಗಳು, ನವಾಯತರು ಅಕ್ಕಿ ಕೊಡುತ್ತಾರೆ. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿಗಳಿಗೆ ಅರ್ಧ ಸಾಅ್ ಗೋಧಿ ಸಾಕು; ಅದರ ಬೆಲೆಯನ್ನು ಹಣವಾಗಿಯೂ ಕೊಡಬಹುದು.

ಕೊಡಬೇಕಾದವರು ಯಾರು? ಹನಫಿಗಳಲ್ಲಿ ನಿಗದಿತ ಮಟ್ಟದ ಸಂಪತ್ತುಳ್ಳವರು. ಶಾಫಿಗಳಲ್ಲಿ ಹಬ್ಬದ ದಿನದ ಊಟ ಮುಂತಾದ ಅಗತ್ಯಗಳಿಗೆ ಮಿಕ್ಕಿ ಉಳ್ಳವರೆಲ್ಲ. ಹೀಗಾಗಿ ನೆರೆಯವರಿಂದ ಅಕ್ಕಿ ಪಡೆದ ಬಡವನೂ ತನ್ನ ಪಾಲನ್ನು ಇನ್ನೊಬ್ಬರಿಗೆ ಕೊಡಬೇಕಾಗಬಹುದು.

ಇಲ್ಲಿ ಹೊತ್ತು ಮುಖ್ಯ. ನಮಾಜಿನ ನಂತರ ಕೊಟ್ಟದ್ದು ಬರೀ ಸಾಮಾನ್ಯ ದಾನ ಎನ್ನುತ್ತದೆ ಹದೀಸ್. ಉಪವಾಸದಲ್ಲಿ ನಡೆದ ಲೋಪಗಳನ್ನು ತೊಳೆಯುವುದು ಒಂದು ಉದ್ದೇಶ. ಹಬ್ಬದ ದಿನ ಬಡವರ ಮನೆಯಲ್ಲೂ ಒಲೆ ಉರಿಯಬೇಕೆಂಬುದು ಇನ್ನೊಂದು.